ಸರ್ವರ್ ಕೊಳ್ಳುವ ಮುನ್ನ

ವೆಬ್‌ಸೈಟ್‌ಗಳಿಗೆ ಜಾಗ ಬಾಡಿಗೆ ಕೊಡುವ ಹೋಸ್ಟಿಂಗ್ ಉದ್ಯಮಕ್ಕೆ ಕೈ ಹಾಕುವವರು ಮೊದಲು ಯಂತ್ರದ ಬೆಲೆ ವಿಚಾರಿಸುತ್ತಾರೆ; ಪರವಾನಗಿಯ ಖರ್ಚನ್ನು ಮರೆಯುತ್ತಾರೆ. ನಷ್ಟದ ಬಾಗಿಲು ತೆರೆಯುವುದು ಅಲ್ಲಿಯೇ.

ವಿಂಡೋಸ್ ಸರ್ವರ್‌ನ ಸಾಮಾನ್ಯ ಪರವಾನಗಿ ಪಡೆದು ಇತರರಿಗೆ ಹೋಸ್ಟಿಂಗ್ ಮಾರುವಂತಿಲ್ಲ. ಅದಕ್ಕೆ ‘ಎಸ್‌ಪಿಎಲ್‌ಎ’ಯಂತಹ ಪ್ರತ್ಯೇಕ ಒಪ್ಪಂದ ಬೇಕು. ಡೆಬಿಯನ್ ಲಿನಕ್ಸ್‌ಗೆ ಪರವಾನಗಿ ಶುಲ್ಕವಿಲ್ಲ. ಆದರೆ ಗ್ರಾಹಕರ ಖಾತೆ ನಿರ್ವಹಿಸುವ ಸಿಪ್ಯಾನೆಲ್ 2019ರಿಂದ ಖಾತೆಗಳ ಸಂಖ್ಯೆಗೆ ತಕ್ಕಂತೆ ದರ ವಿಧಿಸುತ್ತಿದೆ.

ಇನ್ನು ಯಂತ್ರ. ಜೋಡಿ ಡಿಸ್ಕ್‌ಗಳ ರೈಡ್ ವ್ಯವಸ್ಥೆಯಿದ್ದರೆ ಒಂದು ಡಿಸ್ಕ್ ಕೆಟ್ಟರೂ ಕೆಲಸ ನಿಲ್ಲದು. ಆದರೆ ತಪ್ಪಿ ಅಳಿಸಿದ ಕಡತ ಅದರಿಂದ ಮರಳದು. ಆದ್ದರಿಂದ ಬ್ಯಾಕಪ್ ಬೇರೆಡೆ ಇರಲಿ. ಭಾರತದಲ್ಲಿ 2022ರ ಸರ್ಟ್-ಇನ್ ನಿರ್ದೇಶನದಂತೆ ಲಾಗ್‌ಗಳನ್ನು 180 ದಿನ ಉಳಿಸಬೇಕು. ಅದಕ್ಕೂ ಡಿಸ್ಕ್ ಬೇಕು.

ಇವೆಲ್ಲವನ್ನೂ ಕಾಗದದ ಮೇಲೆ ಕೂಡಿಸಿ ನೋಡಿದ ಬಳಿಕವೇ ಯಂತ್ರಕ್ಕೆ ಮುಂಗಡ ಕೊಡಿ.