ರಕ್ತಶರ್ಕರೆಯ ನಿಯಂತ್ರಣವೂ ಮಧುಮೇಹವೂ

ಮಧುಮೇಹವೆಂದರೆ ರಕ್ತದಲ್ಲಿ ಸಕ್ಕರೆ ಹೆಚ್ಚುವ ರೋಗವೆಂಬುದು ಸಾಮಾನ್ಯ ತಿಳಿವಳಿಕೆ. ಇದು ಸುಳ್ಳಲ್ಲ, ಆದರೆ ಪೂರ್ಣ ಸತ್ಯವೂ ಅಲ್ಲ. ರಕ್ತದಲ್ಲಿ ಸಕ್ಕರೆ ತುಂಬಿರುವಾಗಲೇ ಜೀವಕೋಶಗಳು ಹಸಿದಿರುತ್ತವೆಂಬುದು ಈ ರೋಗದ ಮರ್ಮ. ಅದು ವಿದ್ವಾಂಸರಿಗೆ ತಿಳಿದುಬಂದ ಬಗೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇವೆ.

ರೋಗಿಯ ಮೂತ್ರವು ಸಿಹಿಯಾಗಿರುವುದನ್ನು ನಮ್ಮ ಪ್ರಾಚೀನ ವೈದ್ಯರು ಬಲ್ಲವರಾಗಿದ್ದರು. ಮಧುಮೇಹವೆಂಬ ಹೆಸರೇ ಅದಕ್ಕೆ ಸಾಕ್ಷಿ. ಆದರೆ ರೋಗದ ಮೂಲ ಯಾವ ಅಂಗದಲ್ಲಿದೆಯೆಂಬುದು ಪ್ರಯೋಗದಿಂದ ಸ್ಥಿರಪಟ್ಟುದು 1889ರಲ್ಲಿ. ಆ ವರ್ಷ ಸ್ಟ್ರಾಸ್‌ಬರ್ಗಿನಲ್ಲಿ ಮಿಂಕೋವ್ಸ್ಕಿ ಮತ್ತು ಫಾನ್ ಮೇರಿಂಗ್ ಎಂಬ ವಿಜ್ಞಾನಿಗಳು ನಾಯಿಯ ಮೇದೋಜೀರಕ ಗ್ರಂಥಿಯನ್ನು ತೆಗೆದುಹಾಕಲು, ಅದಕ್ಕೆ ತೀವ್ರ ಮಧುಮೇಹ ತಲೆದೋರಿತು. ಆ ಗ್ರಂಥಿಯಲ್ಲಿ ದ್ವೀಪಗಳಂತೆ ಚದುರಿರುವ ಕೋಶಪುಂಜಗಳನ್ನು ಲ್ಯಾಂಗರ್‌ಹಾನ್ಸ್ 1869ರಲ್ಲಿಯೇ ವರ್ಣಿಸಿದ್ದನು.

ಈ ದ್ವೀಪಗಳು ಎರಡು ಮುಖ್ಯ ಹಾರ್ಮೋನುಗಳನ್ನು ನೇರವಾಗಿ ರಕ್ತಕ್ಕೆ ಬಿಡುತ್ತವೆ. ಊಟದ ತರುವಾಯ ಸಕ್ಕರೆ ಏರಿದಾಗ ಇನ್ಸುಲಿನ್ ಸ್ರವಿಸಿ, ಸ್ನಾಯು ಮತ್ತು ಕೊಬ್ಬಿನ ಕೋಶಗಳು ಅದನ್ನು ಹೀರುವಂತೆಯೂ ಯಕೃತ್ತು ಗ್ಲೈಕೊಜನ್ ರೂಪದಲ್ಲಿ ಕೂಡಿಡುವಂತೆಯೂ ಮಾಡುತ್ತದೆ. ಉಪವಾಸದಲ್ಲಿ ಗ್ಲುಕಗಾನ್ ಆ ಸಂಗ್ರಹದಿಂದಲೇ ಸಕ್ಕರೆಯನ್ನು ಹೊರಡಿಸುತ್ತದೆ. ಈ ಎರಡರ ಸಮತೋಲದಿಂದಾಗಿ ಆರೋಗ್ಯವಂತ ವಯಸ್ಕನ ಇಡೀ ರಕ್ತದಲ್ಲಿ ಉಪವಾಸಕಾಲದಲ್ಲಿ ಇರುವ ಸಕ್ಕರೆ ಸುಮಾರು 5 ಗ್ರಾಂ, ಅಂದರೆ ಒಂದು ಟೀ ಚಮಚೆಯಷ್ಟು ಮಾತ್ರ.

ಇನ್ಸುಲಿನ್ ಇಲ್ಲವಾದರೆ ಸಕ್ಕರೆಯು ಕೋಶಗಳಿಗೆ ಸರಿಯಾಗಿ ಒದಗುವುದಿಲ್ಲ. ಯಕೃತ್ತು ಮಾತ್ರ ತಡೆಯಿಲ್ಲದೆ ಅದನ್ನು ಹೊರಬಿಡುತ್ತಲೇ ಇರುತ್ತದೆ. ಮಿಕ್ಕ ಸಕ್ಕರೆ ನೀರನ್ನೂ ಸೆಳೆದುಕೊಂಡು ಮೂತ್ರದಲ್ಲಿ ಹೋಗುವುದರಿಂದ ದಾಹ ಹೆಚ್ಚುತ್ತದೆ. ದೇಹವು ಕೊಬ್ಬನ್ನು ಕರಗಿಸತೊಡಗಲು ಕೀಟೋನ್ ಆಮ್ಲಗಳು ಸೇರಿ ಪ್ರಾಣಕ್ಕೇ ಅಪಾಯವೊದಗುತ್ತದೆ. ಒಂದನೆಯ ಬಗೆಯ ಮಧುಮೇಹದಲ್ಲಿ ದೇಹದ ರಕ್ಷಣಾವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಕೋಶಗಳನ್ನು ನಾಶಮಾಡುತ್ತದೆ. ಹೆಚ್ಚು ವ್ಯಾಪಕವಾದ ಎರಡನೆಯ ಬಗೆಯಲ್ಲಿ ಇನ್ಸುಲಿನ್ ಇದ್ದರೂ ಅಂಗಾಂಶಗಳು ಅದಕ್ಕೆ ತಕ್ಕಂತೆ ಓಗೊಡುವುದಿಲ್ಲ. ಕ್ರಮೇಣ ಅದರ ಉತ್ಪತ್ತಿಯೂ ಸಾಲದಾಗುತ್ತದೆ.

ಇನ್ಸುಲಿನ್ ದೊರೆಯುವ ಮೊದಲು ವೈದ್ಯರು ರೋಗಿಯ ಆಹಾರವನ್ನು ಕಠಿನವಾಗಿ ಮೊಟಕುಮಾಡುತ್ತಿದ್ದರು. ಒಳಗೇ ಹಸಿದಿದ್ದ ದೇಹಕ್ಕೆ ಹೊರಗಿನ ಉಪವಾಸವೂ ಸೇರುತ್ತಿತ್ತು. ಆಯುಸ್ಸು ಕೆಲಕಾಲ ಬೆಳೆಯುತ್ತಿತ್ತೇ ಹೊರತು ರೋಗಿ ಉಳಿಯುತ್ತಿರಲಿಲ್ಲ. 1921ರಲ್ಲಿ ಟೊರಾಂಟೊದಲ್ಲಿ ಮ್ಯಾಕ್ಲಿಯಡ್‌ನ ಪ್ರಯೋಗಶಾಲೆಯಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಗ್ರಂಥಿಯ ಸಾರವನ್ನು ಪಡೆದರು. 1922ರ ಜನವರಿ 11ರಂದು 14 ವರ್ಷದ ಲಿಯೊನಾರ್ಡ್ ಥಾಮ್ಸನ್ನನಿಗೆ ಕೊಟ್ಟ ಮೊದಲ ಚುಚ್ಚುಮದ್ದು ಹೆಚ್ಚು ಫಲಿಸಲಿಲ್ಲ; ಕಾಲಿಪ್ ಶುದ್ಧಿಗೊಳಿಸಿದ ಸಾರವನ್ನು 23ರಿಂದ ಕೊಡಲಾಗಿ ಸಕ್ಕರೆ ಇಳಿಯಿತು. ಬಾಲಕನು ಇನ್ನೂ 13 ವರ್ಷ ಬದುಕಿದನು.

ಇನ್ಸುಲಿನ್ ರೋಗವನ್ನು ನಿರ್ಮೂಲಮಾಡುವ ಔಷಧವಲ್ಲ, ದೇಹವು ಕಳೆದುಕೊಂಡುದನ್ನು ತುಂಬಿಕೊಡುವ ವಸ್ತು. ಆದುದರಿಂದಲೇ ಒಂದನೆಯ ಬಗೆಯ ರೋಗಿಗೆ ಅದು ಅನ್ನದಂತೆ ದಿನದಿನವೂ ಬೇಕು. ಅದು ದೊರೆಯದೆಡೆ 1922ರ ಹಿಂದಿನ ಸ್ಥಿತಿಯೇ ಮರಳುತ್ತದೆಂಬುದನ್ನು ನಾವು ಮರೆಯಲಾಗದು.