ಡಾಂಬರಿನ ಹೊಂಡಗಳು

ಅಮೆರಿಕ ಸಂಯುಕ್ತ ಸಂಸ್ಥಾನಗಳ ಪಶ್ಚಿಮ ಕರಾವಳಿಯಲ್ಲಿರುವ ಲಾಸ್ ಏಂಜಲೀಸ್ ಚಲನಚಿತ್ರಗಳಿಂದ ಲೋಕಪ್ರಸಿದ್ಧವಾದ ಮಹಾನಗರ. ಆ ನಗರದ ವಿಲ್‌ಷೈರ್ ಎಂಬ ರಾಜಮಾರ್ಗದ ಪಕ್ಕದಲ್ಲಿ, ಎತ್ತರವಾದ ಕಟ್ಟಡಗಳ ನಡುವೆ, ಹ್ಯಾನ್‌ಕಾಕ್ ಉದ್ಯಾನವೆಂಬ ಹಸುರು ಹರಹು ಇದೆ. ಹೊರಗಿನಿಂದ ನೋಡುವವರಿಗೆ ಅದು ಯಾವ ದೊಡ್ಡ ಊರಿನಲ್ಲಾದರೂ ಇರಬಹುದಾದ ಉದ್ಯಾನವೇ. ಒಳಗೆ ಕಾಲಿಟ್ಟೊಡನೆ ಮಾತ್ರ, ಹೊಸ ರಸ್ತೆಗೆ ಡಾಂಬರು ಹಾಕುವಾಗ ಮೂಗಿಗೆ ಬಡಿಯುವಂಥ ವಾಸನೆ ಬರುತ್ತದೆ. ಮುಂದೆ ಒಂದು ಕಪ್ಪು ಕೊಳ. ಅದರ ನೀರಿನಲ್ಲಿ ಅಲ್ಲಲ್ಲಿ ದೊಡ್ಡ ದೊಡ್ಡ ಗುಳ್ಳೆಗಳು ನಿಧಾನವಾಗಿ ಮೇಲೆದ್ದು ಒಡೆಯುತ್ತಿರುತ್ತವೆ. ನೀರು ಕುದಿಯುತ್ತಿದೆಯೇನೋ ಎಂಬ ಭ್ರಮೆಯಾಗುತ್ತದೆ. ಆದರೆ ಅದು ತಣ್ಣಗಿದೆ. ಭೂಮಿಯೊಳಗಿಂದ ಹೊರಬರುತ್ತಿರುವ ಮೀಥೇನ್ ಅನಿಲದ ಗುಳ್ಳೆಗಳು ಅವು.

ಈ ಸ್ಥಳಕ್ಕೆ 'ಲಾ ಬ್ರೇಯಾ ಟಾರ್ ಪಿಟ್ಸ್' ಎಂದು ಹೆಸರು. ಸ್ಪ್ಯಾನಿಷ್ ಭಾಷೆಯಲ್ಲಿ ಬ್ರೇಯಾ ಎಂದರೆ ಡಾಂಬರು. ಇಂಗ್ಲಿಷಿನ ಟಾರ್ ಎಂದರೂ ಅದೇ. ನಾವು ಒಂದೇ ಅರ್ಥದ ಎರಡು ಮಾತುಗಳನ್ನು ಕೂಡಿಸಿ 'ನಡುಮಧ್ಯ' ಎನ್ನುವುದಿಲ್ಲವೆ, ಹಾಗೆ. ಪಿಟ್ ಎಂದರೆ ಹೊಂಡ. ಈ ಹೊಂಡಗಳಾದರೋ ಬಹುಮಟ್ಟಿಗೆ ಮನುಷ್ಯರು ತೋಡಿದವು. ನಾವು ನೋಡಿದ ಕೊಳವೂ ಹಿಂದೆ ಡಾಂಬರನ್ನು ಅಗೆದು ತೆಗೆದ ಗುಂಡಿಯೇ. ಮಳೆಯ ನೀರು ತುಂಬಿ ಕೊಳವಾಗಿದೆ.

ಡಾಂಬರು ಎಲ್ಲಿಂದ ಬಂತು? ಬಹು ಹಿಂದೆ ಈ ಪ್ರದೇಶ ಸಮುದ್ರದ ತಳವಾಗಿತ್ತು. ಅಲ್ಲಿ ಸತ್ತು ಕೆಸರಿನಲ್ಲಿ ಹೂತುಹೋದ ಸೂಕ್ಷ್ಮಜೀವಿಗಳ ಅವಶೇಷವು ಲಕ್ಷಾಂತರ ವರ್ಷಗಳ ಒತ್ತಡಕ್ಕೂ ಶಾಖಕ್ಕೂ ಸಿಕ್ಕಿ ಕಲ್ಲೆಣ್ಣೆಯಾಯಿತು. ಆ ಎಣ್ಣೆ ಶಿಲಾಪದರಗಳ ಬಿರುಕುಗಳಲ್ಲಿ ಮೇಲೇರಿ ಬಂದು ನೆಲದ ಮೇಲೆ ಜಿನುಗುತ್ತದೆ. ಅದರ ಹಗುರವಾದ ಅಂಶ ಗಾಳಿಯಲ್ಲಿ ಆರಿಹೋಗಿ, ಮಂದವಾದ ಡಾಂಬರು ಉಳಿಯುತ್ತದೆ. ಸಾವಿರಾರು ವರ್ಷಗಳಿಂದ ಹೀಗೆ ನಡೆಯುತ್ತಿದೆ, ಇಂದಿಗೂ ನಿಂತಿಲ್ಲ. ಆ ನಾಡಿನ ಮೂಲನಿವಾಸಿಗಳಾದ ಟಾಂಗ್ವಾ ಮತ್ತು ಚುಮಾಷ್ ಜನರು ಡಾಂಬರನ್ನು ದೋಣಿಗಳ ಸಂದುಗಳಿಗೆ ಮೆತ್ತಿ ನೀರು ನುಗ್ಗದಂತೆ ಮಾಡುತ್ತಿದ್ದರು. 1769ರಲ್ಲಿ ಈ ದಾರಿಯಾಗಿ ಹೋದ ಸ್ಪೇನಿನ ದಂಡಿನವರು ಡಾಂಬರಿನ ಬುಗ್ಗೆಗಳ ವಿಷಯವನ್ನು ಬರೆದಿಟ್ಟರು. ಅನಂತರ ಅಲ್ಲಿ ನೆಲಸಿದವರು ಮನೆಯ ಮಾಡಿಗೆ ಬಳಿಯಲು ಅದನ್ನು ಒಯ್ಯುತ್ತಿದ್ದರು. ಅಗೆಯುವಾಗ ಮೂಳೆಗಳು ಸಿಕ್ಕುತ್ತಿದ್ದುದುಂಟು. ಹೂತು ಸತ್ತ ದನವೋ ಕುದುರೆಯೋ ಇರಬೇಕೆಂದು ಜನ ಅವನ್ನು ಎಸೆದುಬಿಡುತ್ತಿದ್ದರು.

1875ರಲ್ಲಿ ವಿಲಿಯಂ ಡೆಂಟನ್ ಎಂಬಾತ ಅಂಥದೊಂದು ತುಣುಕನ್ನು ಕಂಡು, ಇದು ಈಗ ಭೂಮಿಯ ಮೇಲಿಲ್ಲದ ಒಂದು ಬೇಟೆಗಾರ ಪ್ರಾಣಿಯ ಕೋರೆಹಲ್ಲು ಎಂದು ಗುರುತಿಸಿದನು. ಆದರೂ ಅದನ್ನು ಹೆಚ್ಚು ಮಂದಿ ಗಮನಿಸಲಿಲ್ಲ. ವಿದ್ವಾಂಸರ ದೃಷ್ಟಿ ಇತ್ತ ಹರಿದದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. 1913ರಿಂದ 1915ರವರೆಗೆ ಲಾಸ್ ಏಂಜಲೀಸ್ ಪ್ರಾಂತದ ವಸ್ತುಸಂಗ್ರಹಾಲಯದವರು ಇಲ್ಲಿ ಸುಮಾರು ನೂರು ಕಡೆ ಅಗೆದು ಲಕ್ಷಾಂತರ ಮೂಳೆಗಳನ್ನು ಹೊರತೆಗೆದರು. ನೆಲದ ಒಡೆಯನಾಗಿದ್ದ ಹ್ಯಾನ್‌ಕಾಕ್ 1924ರಲ್ಲಿ 23 ಎಕರೆ ಭೂಮಿಯನ್ನು ಪ್ರಾಂತಕ್ಕೆ ದಾನವಾಗಿ ಕೊಟ್ಟನು. ಉದ್ಯಾನಕ್ಕೆ ಅವನ ಹೆಸರು ಬಂದುದು ಹೀಗೆ.

ಪಳೆಯುಳಿಕೆಯೆಂದರೆ ಡೈನೋಸಾರ್ ಎಂದು ಭಾವಿಸಿ ಬರುವವರು ಇಲ್ಲಿ ನಿರಾಶರಾಗುತ್ತಾರೆ. ಡೈನೋಸಾರ್‌ಗಳು ಅಳಿದು ಸುಮಾರು 6 ಕೋಟಿ 60 ಲಕ್ಷ ವರ್ಷಗಳಾದುವು. ಇಲ್ಲಿಯ ಮೂಳೆಗಳಲ್ಲಿ ಅತ್ಯಂತ ಹಳೆಯವೂ ಐವತ್ತು ಅರವತ್ತು ಸಾವಿರ ವರ್ಷಗಳ ಈಚಿನವು. ಆಗ ಉತ್ತರ ಅಮೆರಿಕದ ಉತ್ತರ ಭಾಗವನ್ನು ಹಿಮದ ಹಾಸುಗಳು ಮುಚ್ಚಿದ್ದುವು. ಈ ಬಯಲಿನಲ್ಲಿ ಮ್ಯಾಮತ್ ಆನೆಗಳೂ, ಎತ್ತಿನ ಗಾತ್ರದ ಸ್ಲಾತ್ ಎಂಬ ನಿಧಾನಗತಿಯ ಪ್ರಾಣಿಗಳೂ, ಬೈಸನ್‌ಗಳೂ, ಒಂಟೆ ಕುದುರೆಗಳೂ ಮೇಯುತ್ತಿದ್ದುವು. ಅಮೆರಿಕದಲ್ಲಿ ಒಂಟೆಯೇ ಎಂದು ಬೆರಗಾಗಬೇಕಾಗಿಲ್ಲ. ಒಂಟೆ, ಕುದುರೆ ಎರಡರ ವಂಶವೂ ಹುಟ್ಟಿದ್ದು ಆ ಖಂಡದಲ್ಲಿಯೇ. ಅಲ್ಲಿ ಅವು ನಿರ್ನಾಮವಾದ ಮೇಲೆ, ಸಾವಿರಾರು ವರ್ಷ ಕಳೆದು, ಸ್ಪೇನಿನವರ ಹಡಗುಗಳಲ್ಲಿ ಕುದುರೆ ಮರಳಿ ತನ್ನ ತವರಿಗೆ ಬಂದಿತು.

ಇಲ್ಲಿ ದೊರೆತ ಎಲುಬುಗಳನ್ನು ಎಣಿಸಿದವರಿಗೆ ಒಂದು ಸೋಜಿಗ ಕಾದಿತ್ತು. ಯಾವ ಕಾಡಿನಲ್ಲೇ ಆಗಲಿ, ಒಂದು ಹುಲಿ ಬದುಕಬೇಕಾದರೆ ನೂರಾರು ಸಸ್ಯಾಹಾರಿ ಪ್ರಾಣಿಗಳಿರಬೇಕು. ಇಲ್ಲಿಯ ಲೆಕ್ಕ ತಲೆಕೆಳಗಾಗಿದೆ. ಸಿಕ್ಕಿರುವ ದೊಡ್ಡ ಸಸ್ತನಿಗಳಲ್ಲಿ ನೂರಕ್ಕೆ ಸುಮಾರು ತೊಂಬತ್ತು ಮಾಂಸಾಹಾರಿಗಳು. 'ಡೈರ್ ವುಲ್ಫ್' ಎಂಬ ದೊಡ್ಡ ತೋಳಗಳೇ 4,000ಕ್ಕೂ ಮಿಕ್ಕಿವೆ. ಗೇಣುದ್ದದ ಕೋರೆಹಲ್ಲುಗಳಿದ್ದ ಸ್ಮೈಲೊಡಾನ್ ಎಂಬ ಮೃಗಗಳು 2,000ಕ್ಕಿಂತ ಹೆಚ್ಚು. ಇದಕ್ಕೇನು ಕಾರಣ?

ಉತ್ತರ ಡಾಂಬರಿನ ಗುಣದಲ್ಲಿಯೇ ಇದೆ. ಕೊಳದ ದಡದಲ್ಲಿ, ಮುಳುಗುತ್ತಿರುವ ಹೆಣ್ಣು ಮ್ಯಾಮತ್ ಒಂದರ ಪ್ರತಿಮೆಯನ್ನೂ ದಂಡೆಯ ಮೇಲೆ ನಿಂತು ತವಕಿಸುವ ಮರಿಯ ಪ್ರತಿಮೆಯನ್ನೂ ನಿಲ್ಲಿಸಿದ್ದಾರೆ. ನೋಡುವವರ ಕರುಳು ಚುರುಕ್ಕೆನ್ನುತ್ತದೆ. ಆದರೆ ಆ ಚಿತ್ರ ಸ್ವಲ್ಪ ದಾರಿ ತಪ್ಪಿಸುವಂಥದು. ಪ್ರಾಣಿಗಳು ಸಾಮಾನ್ಯವಾಗಿ ಆಳದಲ್ಲಿ ಮುಳುಗಿ ಸಾಯಲಿಲ್ಲ. ಬೇಸಿಗೆಯ ಬಿಸಿಲಿಗೆ ಮೆತ್ತಗಾದ ಡಾಂಬರು ಕೆಲವೇ ಅಂಗುಲ ದಪ್ಪವಿದ್ದರೂ ಸಾಕು, ಭಾರವಾದ ಪ್ರಾಣಿಯ ಕಾಲನ್ನು ಅಂಟಿನಂತೆ ಹಿಡಿದುಬಿಡುತ್ತದೆ. ಮೇಲೆ ಧೂಳೂ ತರಗೆಲೆಯೂ ಮುಚ್ಚಿರುವುದರಿಂದ ಅದು ಕಣ್ಣಿಗೆ ಬೀಳುವುದಿಲ್ಲ. ಕುದುರೆಯೊಂದು ಸಿಕ್ಕಿಕೊಂಡು ಹೆಣಗಾಡುತ್ತದೆ; ಅದರ ಕೂಗಿಗೆ ತೋಳಗಳ ಹಿಂಡು ಓಡಿಬಂದು ಎರಗುತ್ತದೆ; ಅವೂ ಸಿಕ್ಕಿಕೊಳ್ಳುತ್ತವೆ. ವಾಸನೆ ಹಿಡಿದು ಬಂದ ಹದ್ದುಗಳ ಗತಿಯೂ ಅದೇ. ಒಂದು ಬೇಟೆಗೆ ಹತ್ತು ಬೇಟೆಗಾರರು ಬಲಿ. ಇದು ದಿನದಿನವೂ ನಡೆದ ದುರಂತವೆಂದು ತಿಳಿಯಬಾರದು. ಹತ್ತು ವರ್ಷಗಳಿಗೊಮ್ಮೆ ಹತ್ತು ದೊಡ್ಡ ಪ್ರಾಣಿಗಳು ಸಿಕ್ಕಿಬಿದ್ದಿದ್ದರೂ, ಮೂವತ್ತು ಸಾವಿರ ವರ್ಷಗಳಲ್ಲಿ ಇಷ್ಟು ಮೂಳೆಗಳು ಸೇರುವುದಕ್ಕೆ ಸಾಕು ಎಂದು ವಿದ್ವಾಂಸರು ಲೆಕ್ಕಹಾಕಿದ್ದಾರೆ.

ಕೊಂದ ಡಾಂಬರೇ ಕಾಪಾಡಿತು. ಬೇರೆಡೆಗಳಲ್ಲಿ ಮೂಳೆಯು ಕಾಲಾಂತರದಲ್ಲಿ ಕಲ್ಲಾಗುತ್ತದೆ. ಇಲ್ಲಿ ಅದು ಡಾಂಬರನ್ನು ಹೀರಿ ಕಂದುಬಣ್ಣಕ್ಕೆ ತಿರುಗಿದರೂ ಮೂಳೆಯಾಗಿಯೇ ಉಳಿದಿದೆ. ಗಾಯ, ಬೇನೆಗಳ ಗುರುತೂ ಅಳಿಸಿಲ್ಲ. ಒಂದು ಸ್ಮೈಲೊಡಾನಿನ ಸೊಂಟದ ಕೀಲು ಹುಟ್ಟಿನಿಂದಲೇ ಊನವಾಗಿತ್ತೆಂದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಜೀವಮಾನವೆಲ್ಲ ಕುಂಟಿದ ಆ ಮೃಗ ಬೇಟೆಯಾಡಿ ಬದುಕಿರಲಾರದು. ಆದರೂ ಅದು ಬೆಳೆದು ದೊಡ್ಡದಾಗಿತ್ತು. ಜೊತೆಯ ಪ್ರಾಣಿಗಳು ತಂದ ಬೇಟೆಯಲ್ಲಿ ಅದಕ್ಕೂ ಪಾಲು ಸಿಕ್ಕಿರಬೇಕು. ಇಷ್ಟೊಂದು ಭೀಕರವಾದ ಹಲ್ಲುಗಳ ಹಿಂದೆ ಇಂಥ ಒಂದು ಸಂಸಾರವಿತ್ತೆಂದು ಊಹಿಸುವುದು ಕಷ್ಟವೇ.

ಮೊದಲು ಅಗೆದವರಿಗೆ ಬೇಕಾಗಿದ್ದುದು ದೊಡ್ಡ ತಲೆಬುರುಡೆಗಳು, ಸೊಗಸಾದ ದಂತಗಳು. ಬೀಜ, ಎಲೆ, ಜೀರುಂಡೆಯ ರೆಕ್ಕೆ, ಇಲಿಯ ಹಲ್ಲು ಇವುಗಳಲ್ಲಿ ಬಹುಪಾಲು ಮಣ್ಣಿನೊಡನೆ ಹೊರಗೆ ಹೋಯಿತು. ಅವರನ್ನು ದೂರಿ ಫಲವಿಲ್ಲ. ಅಂದಿನ ವಿಜ್ಞಾನ ಕೇಳುತ್ತಿದ್ದ ಪ್ರಶ್ನೆಗಳೇ ಅಷ್ಟು. ಆದರೆ ಆ ಕಾಲದ ಮಳೆ ಎಷ್ಟು, ಚಳಿ ಎಷ್ಟು ಎಂಬುದನ್ನು ಹೇಳಬಲ್ಲವು ಆ ಕ್ಷುದ್ರ ವಸ್ತುಗಳೇ. 1969ರಲ್ಲಿ 91ನೆಯ ಹೊಂಡವನ್ನು ಮತ್ತೆ ತೆರೆದು, ನೆಲವನ್ನು ಚೌಕ ಚೌಕವಾಗಿ ವಿಭಾಗಿಸಿ, ಪ್ರತಿಯೊಂದು ಮೂಳೆಯೂ ಇದ್ದ ಸ್ಥಾನವನ್ನು ಬರೆದುಕೊಂಡು, ಮಣ್ಣನ್ನು ತೊಳೆದು ಜರಡಿಹಿಡಿಯುವ ಕೆಲಸ ಆರಂಭವಾಯಿತು. 1977ರಲ್ಲಿ ಉದ್ಯಾನದೊಳಗೆ ಒಂದು ಸಂಗ್ರಹಾಲಯವನ್ನು ತೆರೆದರು. ತೋಳಗಳ 404 ತಲೆಬುರುಡೆಗಳನ್ನು ಅಲ್ಲಿ ಒಂದು ಗೋಡೆಯ ತುಂಬ ಸಾಲಾಗಿ ಜೋಡಿಸಿ, ಹಿಂದಿನಿಂದ ದೀಪದ ಬೆಳಕು ಬೀಳುವಂತೆ ಮಾಡಿದ್ದರು. 2006ರಲ್ಲಿ ಪಕ್ಕದ ಕಲಾಸಂಗ್ರಹಾಲಯದವರು ವಾಹನ ನಿಲ್ದಾಣಕ್ಕಾಗಿ ನೆಲ ಅಗೆದಾಗ ಪಳೆಯುಳಿಕೆಗಳ ಹದಿನಾರು ಹೊಸ ನಿಕ್ಷೇಪಗಳು ಬೆಳಕಿಗೆ ಬಂದುವು. ಕಟ್ಟಡದ ಕೆಲಸ ನಿಲ್ಲದಂತೆ ಆ ಮಣ್ಣನ್ನು ಇದ್ದಂತೆಯೇ 23 ಭಾರಿ ಮರದ ಪೆಟ್ಟಿಗೆಗಳಲ್ಲಿ ತುಂಬಿ ಎತ್ತಿಟ್ಟರು. ಅಲ್ಲಿಂದೀಚೆಗೆ ಅವನ್ನು ಒಂದೊಂದಾಗಿ ಬಿಡಿಸಿ ನೋಡುವ ಕೆಲಸ ವರ್ಷಗಟ್ಟಲೆ ಸಾಗಿದೆ.

ಈ ಪ್ರಾಣಿಗಳೆಲ್ಲ ಏಕೆ ಅಳಿದುವು ಎಂಬುದು ಮುಖ್ಯವಾದ ಪ್ರಶ್ನೆ. ಜೀವಿ ಸತ್ತ ಮೇಲೆ ಅದರಲ್ಲಿರುವ ಇಂಗಾಲ-14 ಎಂಬ ವಸ್ತು ಸುಮಾರು 5,730 ವರ್ಷಗಳಿಗೊಮ್ಮೆ ಅರ್ಧದಷ್ಟಾಗುತ್ತ ಹೋಗುತ್ತದೆ. ಉಳಿದಿರುವುದನ್ನು ಅಳೆದರೆ ಸತ್ತ ಕಾಲ ತಿಳಿಯುತ್ತದೆ. ಈ ಕ್ರಮದಿಂದ ಎಂಟು ಜಾತಿಗಳ 172 ಮೂಳೆಗಳ ಕಾಲವನ್ನು ನಿರ್ಣಯಿಸಿ, ವಿಜ್ಞಾನಿಗಳ ಒಂದು ತಂಡ 2023ರಲ್ಲಿ ತನ್ನ ಅಭಿಪ್ರಾಯವನ್ನು ಪ್ರಕಟಿಸಿತು. ಸುಮಾರು 12,900 ವರ್ಷಗಳ ಹಿಂದಿನ ಹೊತ್ತಿಗೆ ಆ ಎಂಟರಲ್ಲಿ ಏಳು ಜಾತಿಗಳು ಇಲ್ಲಿಂದ ಮರೆಯಾಗಿದ್ದುವು. ಅದಕ್ಕೆ ಮೊದಲು ನಾಡು ಬೆಚ್ಚಗಾಗಿ ಒಣಗುತ್ತಿತ್ತು. ಮನುಷ್ಯರ ಸಂಖ್ಯೆ ಹೆಚ್ಚುತ್ತಿತ್ತು. ಅದೇ ಸೀಮೆಯ ಎಲ್ಸಿನೋರ್ ಸರೋವರದ ತಳದ ಕೆಸರಿನಲ್ಲಿ ಆ ಕಾಲದ ಇದ್ದಲಿನ ಪುಡಿ ಇದ್ದಕ್ಕಿದ್ದಂತೆ ಹೆಚ್ಚಾಗಿರುವುದು ಕಂಡುಬಂದಿದೆ. ಎಂದರೆ ಕಾಡು ಹಿಂದೆಂದೂ ಇಲ್ಲದಷ್ಟು ಉರಿದಿತ್ತು. ಆ ಬೆಂಕಿ ಬಹುಪಾಲು ಮನುಷ್ಯರ ಕೈಯದೆಂದು ಈ ತಂಡದ ವಾದ. ಪ್ರಾಣಿಗಳ ಅಳಿವಿಗೆ ಬೇಟೆ ಎಷ್ಟು ಕಾರಣ, ಹವೆಯ ಬದಲಾವಣೆ ಎಷ್ಟು ಕಾರಣ ಎಂಬ ಚರ್ಚೆ ಬಹುಕಾಲದ್ದು. ಅದು ಇದೊಂದರಿಂದ ಮುಗಿಯುವಂಥದಲ್ಲ. ಉಳಿದ ಎಂಟನೆಯ ಜಾತಿ ಕಯೋಟಿ ಎಂಬ, ನಮ್ಮ ಗುಳ್ಳೆನರಿಯನ್ನು ಹೋಲುವ ಪ್ರಾಣಿ. ಸಿಕ್ಕಿದ್ದನ್ನು ತಿಂದು ಬದುಕುವ ಅದು ಇಂದಿಗೂ ಲಾಸ್ ಏಂಜಲೀಸಿನ ಬೀದಿಗಳಲ್ಲಿ ಇರುಳು ಹೊತ್ತು ಅಲೆಯುತ್ತದೆ.

ಉದ್ಯಾನದಲ್ಲಿ ತಿರುಗಾಡುವವರು ಕಾಲ ಬಳಿ ನೋಡಿ ನಡೆಯಬೇಕು. ನಿನ್ನೆ ಬರಿಯ ಹುಲ್ಲಿದ್ದ ಕಡೆ ಇಂದು ಅಂಗೈಯಗಲದ ಡಾಂಬರು ಜಿನುಗಿರುತ್ತದೆ. ಕಾವಲುಗಾರರು ಅದರ ಸುತ್ತ ಎಚ್ಚರಿಕೆಯ ಗುರುತುಗಳನ್ನಿಟ್ಟು ಹೋಗುತ್ತಾರೆ. ಅವರು ಬರುವುದರೊಳಗಾಗಿ ಒಂದೆರಡು ಎಲೆಗಳೂ ಒಂದು ಜೀರುಂಡೆಯೂ ಅದಕ್ಕೆ ಅಂಟಿಕೊಂಡಿರುತ್ತವೆ.