ಗಾಥರು ಕಟ್ಟದ ಗಾಥಿಕ್

ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚಿನ ಜೋಡಿ ಗೋಪುರಗಳನ್ನು ಕತ್ತೆತ್ತಿ ನೋಡಿದವರೆಲ್ಲ ‘ಗಾಥಿಕ್ ಶೈಲಿ’ ಎಂಬ ಮಾತು ಕೇಳಿರುತ್ತಾರೆ. ತಮಾಷೆಯೆಂದರೆ, ಗಾಥರು ಇಂಥ ಒಂದು ಕಟ್ಟಡವನ್ನೂ ಕಟ್ಟಿದವರಲ್ಲ. ಶೈಲಿ ಹುಟ್ಟುವ ಹೊತ್ತಿಗೆ ಅವರ ರಾಜ್ಯಗಳು ಅಳಿದು ನಾಲ್ಕು ಶತಮಾನ ಕಳೆದಿದ್ದವು.

ಗಾಥರು ಜರ್ಮಾನಿಕ್ ಬುಡಕಟ್ಟಿನವರು. ಕ್ರಿ.ಶ. 410ರಲ್ಲಿ ತಮ್ಮ ರಾಜ ಅಲಾರಿಕ್‌ನ ಹಿಂದೆ ರೋಮ್ ನಗರಕ್ಕೆ ನುಗ್ಗಿ ಮೂರು ದಿನ ಸೂರೆ ಹೊಡೆದರು. ಆ ಕೆಟ್ಟ ಹೆಸರು ಸಾವಿರ ವರ್ಷವಾದರೂ ಅಳಿಯಲಿಲ್ಲ. ಮೊನಚು ಕಮಾನಿನ ಹೊಸ ಶೈಲಿ ಮೈದಳೆದದ್ದು ಪ್ಯಾರಿಸ್ ಬಳಿಯ ಸೇಂಟ್ ಡೆನಿಸ್‌ನಲ್ಲಿ, 1144ರ ಸುಮಾರಿಗೆ. ಅದು ಅಪ್ಪಟ ಫ್ರೆಂಚ್ ಕಸುಬು. ಆದರೆ 1550ರಲ್ಲಿ ಕಲಾವಿದರ ಜೀವನ ಬರೆದ ಇಟಲಿಯ ವಸಾರಿಗೆ ರೋಮನ್ ಅಳತೆ ಮೀರಿದ ಈ ಕಟ್ಟಡಗಳು ಹಿಡಿಸಲಿಲ್ಲ. ಅವನ್ನು ಗಾಥರ ತಲೆಗೆ ಕಟ್ಟಿದ. ಹೊಗಳಿಕೆಯಲ್ಲ, ಶುದ್ಧ ಬೈಗುಳ.

ಹಾಗಾದರೆ ಗಾಥರದೇ ಎನ್ನಬಹುದಾದದ್ದು ಏನು? ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಒಂದು ಪುಸ್ತಕವಿದೆ. ನೇರಳೆ ಬಣ್ಣ ಕಟ್ಟಿದ ತೆಳು ಚರ್ಮದ ಹಾಳೆ, ಅದರ ಮೇಲೆ ಬೆಳ್ಳಿ ಶಾಯಿಯ ಸಾಲು, ಅಲ್ಲಲ್ಲಿ ಚಿನ್ನದ್ದು. ಅಕ್ಷರಗಳು ದುಂಡು, ನೇರ, ಅಚ್ಚೊತ್ತಿದಷ್ಟು ಸಮ. ಆರನೇ ಶತಮಾನದ ಈ ಪ್ರತಿಯಲ್ಲಿರುವುದು ನಾಲ್ಕನೇ ಶತಮಾನದ ಬಿಷಪ್ ವುಲ್ಫಿಲಾ ಗಾಥಿಕ್ ಭಾಷೆಗೆ ತಂದ ಬೈಬಲಿನ ಸುವಾರ್ತೆಗಳು. ಅದಕ್ಕೆಂದೇ ಅವನು ಲಿಪಿಯನ್ನೂ ರೂಪಿಸಿದ. ಗಾಥರು ಮೊದಲೇ ಯುದ್ಧಕ್ಕೆ ಹಾತೊರೆಯುವವರು, ಇನ್ನಷ್ಟು ಕುಮ್ಮಕ್ಕು ಬೇಡವೆಂದು ಬೈಬಲಿನಲ್ಲಿ ಯುದ್ಧದ ಕಥೆಗಳಿರುವ ‘ಅರಸುಗಳು’ ಗ್ರಂಥಗಳನ್ನು ಅನುವಾದಿಸದೆ ಬಿಟ್ಟನಂತೆ! ಹಾಗೆಂದು ಬರೆದವನು ಚರ್ಚಿನ ಹಳೆಯ ಇತಿಹಾಸಕಾರ ಫಿಲೊಸ್ಟಾರ್ಜಿಯಸ್. ಪುಸ್ತಕದಲ್ಲಿ ಮೊದಲು ಕನಿಷ್ಠ 336 ಹಾಳೆಗಳಿದ್ದವು. ಉಳಿದಿರುವುದು 188, ಅದರಲ್ಲೊಂದು 1970ರಲ್ಲಷ್ಟೇ ಜರ್ಮನಿಯ ಸ್ಪೈಯರ್ ಚರ್ಚಿನಲ್ಲಿ ಸಿಕ್ಕಿತು.

ಬೈಗುಳಕ್ಕೆ ಮೆರುಗು ಬಂದದ್ದು ಇಂಗ್ಲೆಂಡಿನಲ್ಲಿ. ಹೊರೇಸ್ ವಾಲ್ಪೋಲ್ 1764ರಲ್ಲಿ ಹಳೆಯ ಕೋಟೆಯ ಭೂತದ ಕಾದಂಬರಿ ಬರೆದು, ಮರುವರ್ಷದ ಮುದ್ರಣಕ್ಕೆ ‘ಗಾಥಿಕ್ ಕಥೆ’ ಎಂಬ ಅಡಿಬರಹ ಇಟ್ಟ. ಮುಂದೆ ಫ್ರಾಂಕೆನ್‌ಸ್ಟೈನ್, ಡ್ರಾಕುಲಾ ಎಲ್ಲ ಅದೇ ದಾರಿ ಹಿಡಿದು ಬಂದವು. 1980ರ ದಶಕದ ಲಂಡನ್ನಿನ ಕ್ಲಬ್ಬುಗಳಲ್ಲಿ ಕಪ್ಪು ಬಟ್ಟೆ, ಕಣ್ಣಿಗೆ ದಟ್ಟ ಕಾಡಿಗೆ ಹಾಕಿ ಕುಣಿದವರೂ ಗಾಥರೇ ಆದರು.

ಮುದ್ರಣಾಲಯದಲ್ಲಂತೂ ಈ ಪದ ತನಗೆ ತಾನೇ ವಿರುದ್ಧ. ಹಳೆಯ ಜರ್ಮನ್ ಪುಸ್ತಕಗಳ ಮುಳ್ಳುಮುಳ್ಳಾದ ದಪ್ಪ ಅಕ್ಷರವೂ ಗಾಥಿಕ್. ಅಮೆರಿಕದ ಫ್ರಾಂಕ್ಲಿನ್ ಗಾಥಿಕ್ ಆಗಲಿ, ಜಪಾನಿನ ಕಂಪ್ಯೂಟರುಗಳ ಎಂಎಸ್ ಗಾಥಿಕ್ ಆಗಲಿ, ಕೊಂಕು-ಕುಚ್ಚುಗಳಿಲ್ಲದ ಬರೀ ಸರಳ ಅಕ್ಷರ. ಟೋಕಿಯೊದ ಮುದ್ರಕನಿಗೆ ಗಾಥಿಕ್ ಫಾಂಟ್ ಬೇಕೆಂದರೆ ಭೂತದ ಕಥೆಯ ರಕ್ಷಾಪುಟಕ್ಕೆ ಒಪ್ಪುವಂಥದ್ದೇನೂ ಸಿಗುವುದಿಲ್ಲ.